ಒಡೆದ ಮೇಲೆ ಕೇಳುವ ಪ್ರಶ್ನೆಗಳನ್ನು ಮೊದಲೇ ಕೇಳೋಣ

(ಕರಾವಳಿಯ ಮೊಹಲ್ಲಾ ಜಮಾಅತ್ ಒಂದು ಏರ್ಪಡಿಸಿದ್ದ ವಿವಾಹಪೂರ್ವ ಮಾರ್ಗದರ್ಶನ ಶಿಬಿರದಲ್ಲಿ, ಆ ಜಮಾಅತ್‌ನ ಸಂಧಾನ ಸಮಿತಿಯ ಹಿರಿಯ ಸದಸ್ಯರೊಬ್ಬರು ಹೆತ್ತವರನ್ನೂ ಯುವಕ ಯುವತಿಯರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ.)





ನಮ್ಮ ಊರಿನಲ್ಲಿ ಒಂದು ಮದುವೆ ನಿಶ್ಚಯವಾದರೆ ಮೊದಲು ನಡೆಯುವ ಕೆಲಸ ಯಾವುದು? ಸಭಾಂಗಣವನ್ನು ಕಾದಿರಿಸುವುದು. ತಿಂಗಳುಗಳ ಮೊದಲೇ ಹೋಗದಿದ್ದರೆ ಬೇಕಾದ ದಿನ ಸಿಗುವುದಿಲ್ಲ. ಆ ಬಳಿಕ ಚಿನ್ನ, ಬಟ್ಟೆ, ಆಮಂತ್ರಣ ಪತ್ರ, ಅಡುಗೆಯವರು, ಬಿರಿಯಾನಿಗೆ ಯಾವ ಅಕ್ಕಿ, ಗಲ್ಫ್‌ನಲ್ಲಿರುವ ಬಂಧುಗಳಿಗೆ ರಜೆ ಯಾವಾಗ ಎಂದು ಮನೆಯವರೆಲ್ಲ ಕೂಡಿ ದಿನಗಟ್ಟಲೆ ಚರ್ಚಿಸುತ್ತಾರೆ. ಕೊನೆಗೆ ನಿಕಾಹ್‌ನ ದಿನ ಬರುತ್ತದೆ. ಖುತ್ಬಾ, ಈಜಾಬ್, ಖಬೂಲ್, ದುಆ ಎಲ್ಲವೂ ಸೇರಿ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಊಟದ ಪಂಕ್ತಿ ಸಂಜೆಯವರೆಗೂ ಮುಂದುವರಿಯುತ್ತದೆ.

ಇದನ್ನು ನಾನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಸಂತೋಷದ ದಿನದಂದು ಬಂಧುಗಳಿಗೆ ಊಟ ಹಾಕುವುದು ಪ್ರವಾದಿ(ಸ)ಯವರ ಸುನ್ನತ್. ಆದರೆ ಒಂದು ಹೊತ್ತಿನ ಊಟಕ್ಕಾಗಿ ಇಷ್ಟೊಂದು ಸಮಾಲೋಚನೆ ನಡೆಸುವ ನಾವು, ಆ ಇಬ್ಬರು ಕೂಡಿ ಬಾಳಬೇಕಾದ ನಲ್ವತ್ತು ಐವತ್ತು ವರ್ಷಗಳ ಕುರಿತು ಅವರೊಂದಿಗೆ ಒಂದು ಗಂಟೆಯಾದರೂ ಕುಳಿತು ಮಾತನಾಡುತ್ತೇವೆಯೇ? ಇಂದು ನಿಮ್ಮ ಮುಂದೆ ನಾನು ಇಡಬಯಸುವ ಪ್ರಶ್ನೆ ಇದೊಂದೇ.

ಸಂಧಾನದ ಮೇಜಿನ ಮುಂದೆ

ಹಲವು ವರ್ಷಗಳಿಂದ ನಮ್ಮ ಜಮಾಅತ್‌ನ ಸಂಧಾನ ಸಮಿತಿಯಲ್ಲಿ ಕುಳಿತು ದಂಪತಿಗಳ ಜಗಳಗಳನ್ನು ಆಲಿಸಿದವನು ನಾನು. ವಿರಸ ತಲೆದೋರಿದಾಗ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂಬ ಪವಿತ್ರ ಕುರ್‌ಆನಿನ ಆದೇಶವೇ ಈ ಸಮಿತಿಗೆ ಆಧಾರ. ಅದೊಂದು ಪುಣ್ಯ ಕಾರ್ಯ ಎಂಬುದರಲ್ಲಿ ಸಂದೇಹವಿಲ್ಲ. ಹಲವು ಮನೆಗಳು ಈ ಮೇಜಿನ ಮುಂದೆ ಉಳಿದುಕೊಂಡಿವೆ. ಅಲ್‌ಹಮ್ದುಲಿಲ್ಲಾಹ್.

ಆದರೆ ಆ ಮೇಜಿನ ಮುಂದೆ ನಾವು ಕೇಳುವ ಪ್ರಶ್ನೆಗಳನ್ನು ಒಮ್ಮೆ ಗಮನಿಸಿ. ಸಂಬಳ ಎಷ್ಟು ಬರುತ್ತದೆ, ಅದರಲ್ಲಿ ಮನೆಗೆ ಎಷ್ಟು ಕೊಡುತ್ತೀಯಾ? ಮದುವೆಯ ಮೊದಲು ಸಾಲ ಇತ್ತೇ? ಹೆಣ್ಣಿಗೆ ಹಾಕಿದ ಚಿನ್ನ ಈಗ ಯಾರ ವಶದಲ್ಲಿದೆ? ಓದು ಮುಂದುವರಿಸಲು ಬಿಡುತ್ತೇವೆಂದು ಹೇಳಿದ್ದು ನಿಜವೇ? ನೀನು ವಿದೇಶಕ್ಕೆ ಹೋದರೆ ಇವಳು ಎಲ್ಲಿರಬೇಕೆಂದು ಮಾತಾಗಿತ್ತು? ಈ ಮದುವೆಗೆ ನಿನ್ನ ಮನಸ್ಸಿನಿಂದ ಒಪ್ಪಿಗೆ ಇತ್ತೇ, ಮಗಳೇ?

ಸಹೋದರರೇ, ಇವುಗಳಲ್ಲಿ ಮದುವೆಯ ಮೊದಲು ಕೇಳಬಾರದ ಪ್ರಶ್ನೆ ಯಾವುದಾದರೂ ಇದೆಯೇ? ಆಗ ಕೇಳಿದ್ದರೆ ಉತ್ತರ ಸೌಮ್ಯವಾಗಿ ಬರುತ್ತಿತ್ತು. ಈಗ ಅದೇ ಉತ್ತರ ಕಣ್ಣೀರಿನೊಂದಿಗೆ, ಬೈಗುಳದೊಂದಿಗೆ ಬರುತ್ತದೆ. ಹುಡುಗಿಯ ಅಣ್ಣ ಒಂದು ಬದಿಯಲ್ಲಿ, ಹುಡುಗನ ಮಾವ ಇನ್ನೊಂದು ಬದಿಯಲ್ಲಿ ತೋಳೇರಿಸಿ ನಿಂತಿರುತ್ತಾರೆ. ನಡುವೆ ತಾಯಿಯ ಮಡಿಲಲ್ಲಿ ಏನೂ ಅರಿಯದ ಮಗುವೊಂದು ಎಲ್ಲರ ಮುಖ ನೋಡುತ್ತಿರುತ್ತದೆ.

ನಾನು ಹೇಳದೆ ಉಳಿಸಿದ ಮಾತು

ಇತರರ ತಪ್ಪುಗಳನ್ನು ಎಣಿಸುವ ಮೊದಲು ನನ್ನ ತಪ್ಪನ್ನು ಹೇಳುವುದು ನ್ಯಾಯ. ಊರು, ಹೆಸರು, ಕಾಲ ಯಾವುದನ್ನೂ ನಾನು ಹೇಳುವುದಿಲ್ಲ. ಗುರುತು ಸಿಕ್ಕಂತೆ ಯಾರಿಗಾದರೂ ಅನಿಸಿದರೆ ದಯವಿಟ್ಟು ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಿ.

ಒಂದು ದಿನ ಮಗ್ರಿಬ್ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿದರು. "ಹಾಜಿಯವರೇ, ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ನಿಮಗೆ ಗೊತ್ತಿರುವವನೇ. ಹೇಗೆ?" ಎಂದು ಕೇಳಿದರು. ಹುಡುಗನನ್ನು ನಾನು ಬಲ್ಲೆ. ಅವನು ಕೆಲವು ವರ್ಷಗಳಿಂದ ಮನೋರೋಗ ತಜ್ಞರ ಚಿಕಿತ್ಸೆಯಲ್ಲಿದ್ದಾನೆ ಎಂಬುದನ್ನೂ ಬಲ್ಲೆ. ರಾತ್ರಿ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಚೆನ್ನಾಗಿ ನಿದ್ದೆ ಮಾಡುತ್ತಿದ್ದ, ಅಂಗಡಿಯನ್ನು ಅಚ್ಚುಕಟ್ಟಾಗಿ ನಡೆಸುತ್ತಿದ್ದ. ನಾನು ಹೇಳಿದೆ: "ಒಳ್ಳೆಯ ಕುಟುಂಬ. ಹುಡುಗ ನಮಾಝಿಗೆ ತಪ್ಪದೆ ಬರುತ್ತಾನೆ. ಕೆಟ್ಟ ಚಟ ಯಾವುದೂ ಇಲ್ಲ." ಇದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೆ ಆ ತಂದೆಗೆ ತಿಳಿಯಬೇಕಾಗಿದ್ದ ಒಂದು ಮಾತನ್ನು ನಾನು ನುಂಗಿಕೊಂಡೆ. ಒಂದು ಮದುವೆಗೆ ಅಡ್ಡ ಬಂದ ಪಾಪ ನನಗೇಕೆ ಎಂದು ಸಮಾಧಾನ ಹೇಳಿಕೊಂಡೆ.

ಮದುವೆ ನಡೆಯಿತು. ಮಡದಿಗೆ ತಿಳಿದೀತೆಂಬ ಭಯದಿಂದ ಹುಡುಗ ಮಾತ್ರೆಯನ್ನು ಅಂಗಡಿಯ ಮೇಜಿನ ಖಾನೆಯಲ್ಲಿ ಬಚ್ಚಿಟ್ಟ. ಕೆಲವು ದಿನ ತಪ್ಪಿತು. ಮದುವೆಯಾಯಿತಲ್ಲ, ಇನ್ನೇಕೆ ಮಾತ್ರೆ ಎಂದು ಮನೆಯವರೂ ಸುಮ್ಮನಾದರು. ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಿದರೆ ಏನಾಗುತ್ತದೆಯೋ ಅದೇ ಆಯಿತು. ಮೂರನೆಯ ತಿಂಗಳಿಗೆ ನಿದ್ದೆ ಹೋಯಿತು, ಸಂಶಯ ಆರಂಭವಾಯಿತು, ಒಂದು ರಾತ್ರಿ ನೆರೆಹೊರೆಯವರೆಲ್ಲ ಎದ್ದು ಬರುವಷ್ಟು ಗಲಾಟೆಯಾಯಿತು. ಗರ್ಭಿಣಿಯಾಗಿದ್ದ ಹುಡುಗಿ ಉಟ್ಟ ಬಟ್ಟೆಯಲ್ಲಿ ತವರಿಗೆ ಮರಳಿದಳು.

ಪ್ರಕರಣ ನಮ್ಮ ಸಮಿತಿಗೇ ಬಂತು. ಆ ಹುಡುಗಿ ಬೈಯಲಿಲ್ಲ, ಅಳಲೂ ಇಲ್ಲ. ಅವಳು ಹೇಳಿದ್ದು ಇಷ್ಟು: "ಮೊದಲೇ ಹೇಳಿದ್ದರೆ ಮಾತ್ರೆಯನ್ನು ನಾನೇ ನೆನಪಿಸಿ ಕೊಡುತ್ತಿದ್ದೆ. ಇಲ್ಲವೇ ಈ ಸಂಬಂಧ ನನಗೆ ಬೇಡ ಎನ್ನುತ್ತಿದ್ದೆ. ಎರಡರಲ್ಲಿ ಯಾವುದನ್ನು ಹೇಳಬೇಕೆಂದು ತೀರ್ಮಾನಿಸುವ ಅವಕಾಶವನ್ನೇ ನನಗೆ ಕೊಡಲಿಲ್ಲ." ನಾನು ಮಧ್ಯಸ್ಥನ ಕುರ್ಚಿಯಲ್ಲಿ ಕುಳಿತಿದ್ದೆ. ನನಗೆ ಮೊದಲೇ ಗೊತ್ತಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಆ ಹುಡುಗನ ಕಾಯಿಲೆ ತಪ್ಪಲ್ಲ. ಸಕ್ಕರೆ ಕಾಯಿಲೆಯಂತೆ, ರಕ್ತದೊತ್ತಡದಂತೆ ಅದಕ್ಕೂ ಚಿಕಿತ್ಸೆ ಇದೆ. ಚಿಕಿತ್ಸೆ ಪಡೆಯುತ್ತಾ ಸುಖವಾಗಿ ಸಂಸಾರ ನಡೆಸುವವರು ನಮ್ಮ ನಡುವೆಯೇ ಇದ್ದಾರೆ. ಆ ಮನೆಯನ್ನು ಒಡೆದದ್ದು ಕಾಯಿಲೆಯಲ್ಲ, ಮುಚ್ಚಿಟ್ಟದ್ದು. ಮುಚ್ಚಿಟ್ಟವರಲ್ಲಿ ನಾನೂ ಒಬ್ಬ.

ಮದೀನಾದ ಮಾದರಿ

ಆ ದಿನದ ಬಳಿಕ ಫಾತಿಮಾ ಬಿಂತಿ ಖೈಸ್(ರ)ರ ಘಟನೆಯನ್ನು ನಾನು ಹೊಸ ಕಣ್ಣಿನಿಂದ ಓದಿದೆ. ವಿಚ್ಛೇದಿತರಾಗಿದ್ದ ಅವರು ಇದ್ದತ್ ಮುಗಿದ ಬಳಿಕ ಪ್ರವಾದಿ(ಸ)ಯವರ ಬಳಿಗೆ ಬಂದರು. ತಮಗೆ ಇಬ್ಬರಿಂದ ವಿವಾಹ ಪ್ರಸ್ತಾಪ ಬಂದಿದೆ, ಒಬ್ಬರು ಮುಆವಿಯಾ, ಇನ್ನೊಬ್ಬರು ಅಬೂಜಹ್ಮ್ ಎಂದರು. ಪ್ರವಾದಿ(ಸ)ಯವರು ಇಬ್ಬರೂ ಒಳ್ಳೆಯವರೆಂದು ಹೇಳಿ ಕಳುಹಿಸಲಿಲ್ಲ. ಒಬ್ಬರ ಬಡತನವನ್ನು ನೇರವಾಗಿ ತಿಳಿಸಿದರು. ಇನ್ನೊಬ್ಬರು ಹೆಗಲ ಮೇಲಿನ ಬೆತ್ತ ಕೆಳಗಿಳಿಸದವರು ಎಂದು ಎಚ್ಚರಿಸಿದರು. ಅವರು ಹೆಂಗಸರ ಮೇಲೆ ಕೈಮಾಡುವವರೆಂಬುದು ಇದರ ಅರ್ಥವೆಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ಆ ಬಳಿಕ ಉಸಾಮಾ ಬಿನ್ ಝೈದ್(ರ)ರನ್ನು ವಿವಾಹವಾಗುವಂತೆ ಸಲಹೆ ನೀಡಿದರು. ಮೊದಲು ಮನಸ್ಸು ಒಪ್ಪದಿದ್ದರೂ ಬಳಿಕ ಫಾತಿಮಾ(ರ) ಆ ಸಲಹೆಯನ್ನು ಸ್ವೀಕರಿಸಿದರು. ಆ ದಾಂಪತ್ಯದಲ್ಲಿ ಒಳಿತನ್ನು ಕಂಡೆನೆಂದು ಅವರೇ ಹೇಳಿಕೊಂಡಿದ್ದಾರೆ.

ವಿವಾಹಪೂರ್ವ ಸಮಾಲೋಚನೆ ಪಾಶ್ಚಾತ್ಯರ ಆಮದು ಎನ್ನುವವರು ಈ ಘಟನೆಯನ್ನು ಎಲ್ಲಿ ಇಡುತ್ತಾರೆ? ಪರದೂಷಣೆಯನ್ನು ಕಠಿಣವಾಗಿ ನಿಷೇಧಿಸಿದ ಪ್ರವಾದಿ(ಸ)ಯವರೇ, ಮದುವೆಯ ವಿಷಯದಲ್ಲಿ ಸಲಹೆ ಕೇಳಿದಾಗ ಇದ್ದುದನ್ನು ಇದ್ದಂತೆ ಹೇಳಿದರು. ಸಲಹೆ ಕೇಳಿದವರಿಗೆ ಸತ್ಯವನ್ನು ತಿಳಿಸುವುದು ದೂಷಣೆಯಲ್ಲ, ಅಮಾನತ್ ಎಂದು ವಿದ್ವಾಂಸರು ಇದರಿಂದ ಕಲಿತರು.

ಇನ್ನೂ ಕೆಲವು ಘಟನೆಗಳನ್ನು ನೆನಪಿಸಿಕೊಳ್ಳಿ. ಮುಗೀರಾ(ರ)ರು ವಿವಾಹ ಪ್ರಸ್ತಾಪವಿಟ್ಟಾಗ, ಹುಡುಗಿಯನ್ನು ನೋಡಿಕೊಂಡು ಬರುವಂತೆ ಪ್ರವಾದಿ(ಸ) ಸೂಚಿಸಿದರು. ಯುವಕ ಜಾಬಿರ್(ರ) ಮೊದಲೇ ಒಂದು ಮದುವೆಯಾಗಿದ್ದ ಸ್ತ್ರೀಯನ್ನು ವರಿಸಿದಾಗ ಏಕೆಂದು ವಿಚಾರಿಸಿದರು. ಉಹುದ್‌ನಲ್ಲಿ ಹುತಾತ್ಮರಾದ ತಂದೆ ಬಿಟ್ಟುಹೋದ ತಂಗಿಯರನ್ನು ನೋಡಿಕೊಳ್ಳಲು ಪ್ರಬುದ್ಧೆಯೊಬ್ಬಳು ಬೇಕಿತ್ತೆಂದು ಜಾಬಿರ್ ಹೇಳಿದಾಗ ಅವರಿಗಾಗಿ ಪ್ರಾರ್ಥಿಸಿದರು. ತನ್ನ ಮನೆಯ ಪರಿಸ್ಥಿತಿಯನ್ನು ತೂಗಿ ನೋಡಿ ಮದುವೆಯಾದ ಯುವಕ ಅವರು. ಖನ್‌ಸಾ ಬಿಂತಿ ಖಿದಾಮ್(ರ)ರನ್ನು ತಂದೆ ಇಷ್ಟವಿಲ್ಲದೆ ಮದುವೆ ಮಾಡಿಕೊಟ್ಟಾಗ ಪ್ರವಾದಿ(ಸ)ಯವರು ಆ ನಿಕಾಹನ್ನೇ ರದ್ದುಪಡಿಸಿದರು. ನೋಡುವುದು, ವಿಚಾರಿಸುವುದು, ಒಪ್ಪಿಗೆ ಕೇಳುವುದು ಎಲ್ಲವೂ ನಮ್ಮಲ್ಲಿಯೇ ಇತ್ತು. ನಾವು ಕೈಬಿಟ್ಟೆವು.

ಸಮಾಲೋಚನೆ ಎಂದರೇನು?

ಸಮಾಲೋಚನೆ ಎಂದರೆ ಉಪದೇಶವಲ್ಲ. ಮದುವೆಯ ಮಹತ್ವದ ಬಗ್ಗೆ ಒಂದು ಗಂಟೆ ಭಾಷಣ ಮಾಡಿ, ಗಂಡಿಗೆ ಹೆಣ್ಣಿನ ಹಕ್ಕನ್ನೂ ಹೆಣ್ಣಿಗೆ ಗಂಡಿನ ಹಕ್ಕನ್ನೂ ಓದಿ ಹೇಳಿ ಕಳುಹಿಸಿದರೆ ಅದು ತರಗತಿಯಾಯಿತು. ಅದೂ ಬೇಕು, ಆದರೆ ಅದು ಸಾಲದು. ಸಮಾಲೋಚನೆಯಲ್ಲಿ ಮಾತನಾಡಬೇಕಾದವರು ಆ ಹುಡುಗ ಮತ್ತು ಹುಡುಗಿ. ಸಮಾಲೋಚಕರು ಪ್ರಶ್ನೆ ಕೇಳುತ್ತಾರೆ, ಆಲಿಸುತ್ತಾರೆ, ಇಬ್ಬರ ಉತ್ತರದಲ್ಲಿ ವ್ಯತ್ಯಾಸವಿರುವೆಡೆ ನಿಲ್ಲಿಸಿ "ಇದನ್ನು ನೀವಿಬ್ಬರೂ ಹೇಗೆ ಸರಿಪಡಿಸಿಕೊಳ್ಳುತ್ತೀರಿ?" ಎನ್ನುತ್ತಾರೆ. ಮೊದಲು ಇಬ್ಬರೊಂದಿಗೂ ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕು. ಹುಡುಗಿಯೊಂದಿಗೆ ಮಾತನಾಡಲು ತಿಳುವಳಿಕೆಯುಳ್ಳ ಸಹೋದರಿ ಇರಬೇಕು. ಬಳಿಕ ಮಹ್ರಮ್‌ರ ಸಮ್ಮುಖದ ಮರ್ಯಾದೆಯೊಳಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಬೇಕು. ಅಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದು. ಸಮಾಲೋಚಕರ ಬಾಯಿಂದ ಒಂದು ಗುಟ್ಟು ಹೊರಬಿದ್ದರೂ ಮರುದಿನದಿಂದ ಆ ಕೋಣೆಗೆ ಯಾರೂ ಬರಲಾರರು.

ಇನ್ನೊಂದು ಮಾತು. ಸಮಾಲೋಚಕರು ತೀರ್ಪುಗಾರರಲ್ಲ. ಬರೀರಾ(ರ)ರ ಘಟನೆ ನಿಮಗೆ ಗೊತ್ತು. ದಾಸ್ಯದಿಂದ ಬಿಡುಗಡೆ ಹೊಂದಿದ ಆ ಮಹಿಳೆ ಪತಿ ಮುಗೀಸ್‌ರೊಂದಿಗೆ ಬಾಳಲು ಇಚ್ಛಿಸಲಿಲ್ಲ. ಆತ ಮದೀನಾದ ಬೀದಿಗಳಲ್ಲಿ ಅಳುತ್ತಾ ಆಕೆಯ ಹಿಂದೆ ನಡೆಯುತ್ತಿದ್ದ. ಆತನ ಬಳಿಗೆ ಮರಳಬಾರದೇಕೆ ಎಂದು ಪ್ರವಾದಿ(ಸ) ಕೇಳಿದಾಗ, ಇದು ಆಜ್ಞೆಯೇ ಎಂದು ಬರೀರಾ ವಿಚಾರಿಸಿದರು. ಆಜ್ಞೆಯಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂದಾಗ ಅವರು ಒಪ್ಪಲಿಲ್ಲ. ಆ ನಿರಾಕರಣೆಯನ್ನು ಅಲ್ಲಾಹನ ಸಂದೇಶವಾಹಕರೇ ಗೌರವಿಸಿದರು. ಹಾಗಿರುವಾಗ ಮೊಹಲ್ಲಾದ ಹಿರಿಯರಾದ ನಾವು, ನಮ್ಮ ಸಲಹೆ ಕೇಳದ ಮಕ್ಕಳ ಮೇಲೆ ಕೋಪಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ?

ಮಾತನಾಡಲೇಬೇಕಾದ ವಿಷಯಗಳು

ಮೊದಲನೆಯದು ವಾಸ. ನಮ್ಮ ಕರಾವಳಿಯಲ್ಲಿ ಹುಡುಗ ಎರಡು ತಿಂಗಳ ರಜೆಯಲ್ಲಿ ಬಂದು, ಮದುವೆಯಾಗಿ, ಔತಣಗಳನ್ನು ಮುಗಿಸುವಷ್ಟರಲ್ಲಿ ಹಿಂದಿರುಗುವ ದಿನ ಬಂದಿರುತ್ತದೆ. ಹುಡುಗಿ ಯಾರನ್ನು ಮದುವೆಯಾದಳು? ಪತಿಯನ್ನೋ, ಪತಿಯ ಮನೆಯನ್ನೋ? ಅವನು ಕರೆಸಿಕೊಳ್ಳುತ್ತಾನೆಯೇ, ಕರೆಸಿಕೊಳ್ಳುವಷ್ಟು ಸಂಬಳವೂ ಕುಟುಂಬ ವೀಸಾವೂ ಇದೆಯೇ, ಇಲ್ಲದಿದ್ದರೆ ಅವಳು ಅತ್ತೆಯ ಮನೆಯಲ್ಲಿರಬೇಕೇ, ತವರಿನಲ್ಲಿ ಎಷ್ಟು ದಿನ ಇರಬಹುದು? "ನೋಡೋಣ, ಇನ್‌ಶಾ ಅಲ್ಲಾಹ್" ಎಂಬುದು ಇದಕ್ಕೆ ಉತ್ತರವಲ್ಲ. ಅಲ್ಲಾಹನ ಹೆಸರನ್ನು ನಮ್ಮ ಅಸ್ಪಷ್ಟತೆಗೆ ಹೊದಿಕೆಯಾಗಿ ಬಳಸಬಾರದು.

ಎರಡನೆಯದು ಹಣ. ಮಹ್ರ್ ಹೆಣ್ಣಿನ ಹಕ್ಕು, ಸಂತೋಷದಿಂದ ನೀಡಬೇಕಾದದ್ದು. ನಮ್ಮಲ್ಲಿ ಮಹ್ರ್ ಸಂಕೇತ ಮಾತ್ರವಾಗಿ, ಹೆಣ್ಣಿನ ಕಡೆಯಿಂದ ಬರುವ ಚಿನ್ನ ಭಾರವಾಗಿದೆ. ವರದಕ್ಷಿಣೆಯನ್ನು ಕೊಡುವುದೂ ಪಡೆಯುವುದೂ 1961ರ ಕಾಯ್ದೆಯ ಪ್ರಕಾರ ಅಪರಾಧ. ಶರೀಅತ್‌ನಲ್ಲಿ ಅದಕ್ಕೆ ಎಂದೂ ಸ್ಥಾನವಿರಲಿಲ್ಲ. ಆದರೂ "ನಾವೇನೂ ಕೇಳಲಿಲ್ಲ, ಅವರೇ ಕೊಟ್ಟರು" ಎಂಬ ಮಾತಿನ ಹಿಂದೆ ಅದು ಜೀವಂತವಾಗಿದೆ. ಹುಡುಗನಿಗೆ ಸಾಲವಿದೆಯೇ? ಬಡ್ಡಿಯ ಸಾಲವೇ? ಹೆಂಡತಿಯ ಚಿನ್ನವನ್ನು ಅಡವಿಟ್ಟು ಅದನ್ನು ತೀರಿಸುವ ಯೋಚನೆಯಿದೆಯೇ? ಚಿನ್ನ ಅವಳದ್ದು, ಅವಳ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ ಎಂಬುದನ್ನು ಇಬ್ಬರ ಮುಂದೆಯೂ ಹೇಳಬೇಕು. ತಂಗಿಯರ ಮದುವೆಯ ಹೊಣೆ, ತಂದೆಯ ಔಷಧಿಯ ಖರ್ಚು ಹುಡುಗನ ಮೇಲಿದ್ದರೆ ಅದು ಗೌರವದ ವಿಷಯ. ಜಾಬಿರ್(ರ)ರಂತೆ ಅದನ್ನು ಮೊದಲೇ ತಿಳಿಸಲಿ.

ಮೂರನೆಯದು ಆರೋಗ್ಯ. ಮಾನಸಿಕ ಆರೋಗ್ಯದ ಮಾತನ್ನು ಆಗಲೇ ಹೇಳಿದೆ. ಬಂಧುಗಳೊಳಗೆ ಮದುವೆ ನಡೆಯುವ ಕುಟುಂಬಗಳು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಅಂಶವನ್ನು ಹೊತ್ತವರು ನೋಡಲು ಸಂಪೂರ್ಣ ಆರೋಗ್ಯವಂತರಾಗಿರುತ್ತಾರೆ. ಆದರೆ ಪತಿ ಪತ್ನಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭಧಾರಣೆಯಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂತಹ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಿರಬೇಕು. ಒಂದು ರಕ್ತ ಪರೀಕ್ಷೆಯಿಂದ ಇದನ್ನು ಮೊದಲೇ ತಿಳಿಯಬಹುದು. ಸೌದಿ ಅರೇಬಿಯಾದಲ್ಲಿ 2004ರಿಂದ ಮದುವೆಗೆ ಮೊದಲು ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಪರೀಕ್ಷೆ ಕಡ್ಡಾಯವಾಗಿದೆ. 2008ರಲ್ಲಿ ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆಗಳನ್ನೂ ಸೇರಿಸಲಾಯಿತು. ಗಲ್ಫ್‌ನ ಸಂಪಾದನೆಯಿಂದ ಮನೆ ಕಟ್ಟಿದ ನಾವು ಗಲ್ಫ್‌ನ ಈ ಒಳ್ಳೆಯ ಪದ್ಧತಿಯನ್ನು ಏಕೆ ತರಲಿಲ್ಲ?

ನಾಲ್ಕನೆಯದು ಓದು ಮತ್ತು ಉದ್ಯೋಗ. ನಮ್ಮ ಹೆಣ್ಣು ಮಕ್ಕಳು ಇಂದು ಓದಿನಲ್ಲಿ ಗಂಡು ಮಕ್ಕಳನ್ನು ಹಿಂದಿಕ್ಕುತ್ತಿದ್ದಾರೆ. ಪದವಿಯ ಕೊನೆಯ ವರ್ಷದಲ್ಲಿ ಮದುವೆ ಮಾಡಿ, ಪರೀಕ್ಷೆ ಬರೆಯಲು ಬಿಡುತ್ತೇವೆಂದು ಮಾತು ಕೊಟ್ಟು, ಬಳಿಕ ಮನೆಯಲ್ಲಿ ಕೆಲಸವಿದೆ ಎಂದು ತಡೆಯುವುದು ವಚನಭಂಗ. ನಿಕಾಹ್ ಒಂದು ಬಲಿಷ್ಠ ಕರಾರು ಎಂದು ಕುರ್‌ಆನ್ ಬಣ್ಣಿಸಿದೆ. ಕರಾರಿನಲ್ಲಿ ಷರತ್ತುಗಳನ್ನು ಬರೆಯಲು ಅವಕಾಶವಿದೆ. ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು 2005ರಲ್ಲಿ ಮಾದರಿ ನಿಕಾಹ್‌ನಾಮಾ ಒಂದನ್ನು ಹೊರತಂದಿತು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿದ್ದಾರೆ?

ಐದನೆಯದು ಕೋಪ. ಜಗಳವಿಲ್ಲದ ಮನೆಯಿಲ್ಲ. ಜಗಳವಾದಾಗ ನಿನ್ನ ತಂದೆ ಏನು ಮಾಡುತ್ತಿದ್ದರು, ನೀನು ಏನು ಮಾಡುತ್ತೀಯಾ? ಮಾತು ಬಿಡುತ್ತೀಯಾ, ಕೂಗುತ್ತೀಯಾ, ಕೈ ಎತ್ತುತ್ತೀಯಾ? ಕೋಣೆಯ ಜಗಳವನ್ನು ಫೋನಿನಲ್ಲಿ ತಾಯಿಗೆ ಹೇಳುತ್ತೀಯಾ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದ ಯುವಕ ತನ್ನನ್ನು ತಾನೇ ಮೊದಲ ಬಾರಿಗೆ ನೋಡಿಕೊಳ್ಳುತ್ತಾನೆ. ಪತಿ ಪತ್ನಿಯರನ್ನು ಪರಸ್ಪರರ ಉಡುಪಿಗೆ ಹೋಲಿಸಿದ ಕುರ್‌ಆನಿನ ಉಪಮೆಯನ್ನು ಇಲ್ಲಿ ನೆನೆಯಬೇಕು. ಉಡುಪು ಮೈಯ ಕೊರತೆಯನ್ನು ಮುಚ್ಚುತ್ತದೆ, ಬೀದಿಯಲ್ಲಿ ಸಾರುವುದಿಲ್ಲ.

ಇತರರು ಏನು ಮಾಡಿದ್ದಾರೆ?

ಮಲೇಷ್ಯಾದಲ್ಲಿ ಮುಸ್ಲಿಮ್ ವಧೂವರರು ವಿವಾಹಪೂರ್ವ ತರಬೇತಿ ಪಡೆದ ಪ್ರಮಾಣಪತ್ರವನ್ನು ನಿಕಾಹ್‌ನ ಅರ್ಜಿಯೊಂದಿಗೆ ಸಲ್ಲಿಸಬೇಕು. 1990ರ ದಶಕದಿಂದ ಇದು ವ್ಯವಸ್ಥಿತ ರೂಪ ಪಡೆಯಿತು. ಇಂಡೋನೇಷ್ಯಾದ ಧಾರ್ಮಿಕ ವ್ಯವಹಾರಗಳ ಸಚಿವಾಲಯವೂ ಮದುವೆಯಾಗಲಿರುವವರಿಗೆ ಇಂತಹ ಮಾರ್ಗದರ್ಶನ ನೀಡುತ್ತದೆ. ದೂರ ಹೋಗುವುದೇಕೆ, ನಮ್ಮ ನೆರೆಯ ಕ್ಯಾಥೊಲಿಕ್ ಸಹೋದರರನ್ನು ಕೇಳಿ ನೋಡಿ. ಚರ್ಚಿನಲ್ಲಿ ಮದುವೆಯಾಗಬೇಕಾದರೆ ವಿವಾಹ ಸಿದ್ಧತಾ ಶಿಬಿರದಲ್ಲಿ ಭಾಗವಹಿಸಬೇಕೆಂಬ ಶಿಸ್ತು ಅವರಲ್ಲಿದೆ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಕುಟುಂಬದ ಕುರಿತು ಹೊರಡಿಸಿದ ಪತ್ರದಲ್ಲಿ, ಮದುವೆಯ ಸಿದ್ಧತೆ ಬಾಲ್ಯದಿಂದಲೇ ಆರಂಭವಾಗಬೇಕೆಂದು ಒತ್ತಿ ಹೇಳಿದ್ದರು. ಒಳ್ಳೆಯದನ್ನು ಎಲ್ಲಿ ಕಂಡರೂ ಕಲಿಯುವುದರಲ್ಲಿ ಅವಮಾನವಿಲ್ಲ.

ಇದರಿಂದ ಪ್ರಯೋಜನವಾಗಿದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಮೇರಿಕದ ಸಂಶೋಧಕರಾದ ಕ್ಯಾರಲ್ ಮತ್ತು ಡೊಹರ್ಟಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2003ರಲ್ಲಿ ಒಂದು ತೀರ್ಮಾನಕ್ಕೆ ಬಂದರು. ಇಂತಹ ತರಬೇತಿ ಪಡೆದ ಸಾಮಾನ್ಯ ವ್ಯಕ್ತಿಯೊಬ್ಬ, ಪಡೆಯದವರಲ್ಲಿ ನೂರಕ್ಕೆ 79 ಮಂದಿಗಿಂತ ಉತ್ತಮ ಸ್ಥಿತಿಯಲ್ಲಿದ್ದನೆಂದು ಅವರು ಕಂಡರು. ಆದರೆ 2010ರಲ್ಲಿ ನಡೆದ ಇನ್ನೊಂದು ಪರಿಶೀಲನೆ ಇಷ್ಟು ಉತ್ಸಾಹ ತೋರಲಿಲ್ಲ. ದಂಪತಿಗಳು ಪರಸ್ಪರ ಮಾತನಾಡುವ ರೀತಿ ಸುಧಾರಿಸುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಖಚಿತವಾಗಿ ಹೇಳಲಾಗದು ಎಂದಿತು. ಆದ್ದರಿಂದ ನಾನು ನಿಮಗೆ ಉತ್ಪ್ರೇಕ್ಷೆಯ ಭರವಸೆ ನೀಡಲಾರೆ. ಸಮಾಲೋಚನೆ ತಾಯಿತವಲ್ಲ. ಪ್ರಮಾಣಪತ್ರಕ್ಕಾಗಿ ಬಂದು ಕೊನೆಯ ಬೆಂಚಿನಲ್ಲಿ ತೂಕಡಿಸಿ ಹೋದವರಿಗೆ ಅದರಿಂದ ಏನೂ ಸಿಗದು. ಆದರೆ ಮಾತನಾಡಲು ಕಲಿಸಿದರೆ ಸಾಕಲ್ಲವೇ? ನಮ್ಮ ಸಮಿತಿಯ ಮುಂದೆ ಬರುವ ಬಹುತೇಕ ದಂಪತಿಗಳು ಪರಸ್ಪರ ಮಾತನಾಡಲು ಕಲಿಯದವರೇ ಆಗಿದ್ದಾರೆ.

ಕಾನೂನು ಬಾಗಿಲು ತಟ್ಟುವ ಮೊದಲು

2017ರ ಆಗಸ್ಟ್‌ನಲ್ಲಿ ಸುಪ್ರೀಮ್ ಕೋರ್ಟ್ ಒಂದೇ ಉಸಿರಿನ ತ್ರಿವಳಿ ತಲಾಕನ್ನು ಅಸಿಂಧುಗೊಳಿಸಿತು. 2019ರಲ್ಲಿ ಬಂದ ಕಾಯ್ದೆ ಅದನ್ನು ಮೂರು ವರ್ಷಗಳವರೆಗಿನ ಜೈಲುವಾಸದ ಅಪರಾಧವನ್ನಾಗಿ ಮಾಡಿತು. ಆ ದಿನಗಳಲ್ಲಿ ಟಿ.ವಿ. ಪರದೆಗಳ ಮೇಲೆ ನಮ್ಮ ಮನೆಯ ಕೋಣೆಗಳನ್ನು ದೇಶಕ್ಕೆಲ್ಲ ತೆರೆದು ತೋರಿಸಲಾಯಿತು. ಬೇರೆಯವರ ಮನೆಯಲ್ಲಿ ಪತ್ನಿಯನ್ನು ತೊರೆದು ಹೋದರೆ ಸಿವಿಲ್ ವ್ಯಾಜ್ಯ, ನಮ್ಮವನಾದರೆ ಜೈಲು ಎಂಬ ತಾರತಮ್ಯವನ್ನು ನಾವು ಪ್ರಶ್ನಿಸಿದೆವು. ಪತಿಯನ್ನು ಜೈಲಿಗೆ ಹಾಕಿದರೆ ಪತ್ನಿಗೆ ಜೀವನಾಂಶ ಕೊಡುವವರು ಯಾರು ಎಂದು ಕೇಳಿದೆವು. ಈ ಪ್ರಶ್ನೆಗಳು ಸರಿಯಾಗಿಯೇ ಇದ್ದವು, ಇಂದಿಗೂ ಇವೆ.

ಆದರೆ ಶರೀಅತ್ ಸಂರಕ್ಷಣೆಗಾಗಿ ಮೈದಾನಗಳಲ್ಲಿ ಸೇರಿದ ನಾವು, ಮದುವೆಯಾಗಲಿರುವ ನಮ್ಮ ಮಕ್ಕಳಿಗೆ ಶರೀಅತ್‌ನ ತಲಾಕ್ ಕ್ರಮ ಯಾವುದು, ಖುಲಾ ಎಂದರೇನು, ಮಧ್ಯಸ್ಥಿಕೆಯ ಹಂತಗಳು ಯಾವುವು ಎಂಬುದನ್ನು ಕಲಿಸಿದ್ದೇವೆಯೇ? ಕೋಪದಲ್ಲಿ ಬಾಯಿಗೆ ಬಂದ ಮಾತು ಧರ್ಮವೆಂದು ಭಾವಿಸಿದ ಯುವಕನನ್ನು ರೂಪಿಸಿದ್ದು ಸರಕಾರವಲ್ಲ. ದೇಶದ ಕಾನೂನಿನಲ್ಲೂ ಸಮಾಲೋಚನೆಗೆ ಸ್ಥಾನವಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವೆನ್ನುತ್ತದೆ, ಸಮಾಲೋಚಕರ ವ್ಯವಸ್ಥೆಗೂ ಅವಕಾಶ ನೀಡಿದೆ. ಆದರೆ ಅಲ್ಲಿನ ಸಮಾಲೋಚಕರು ಸಿಗುವುದು ವಕಾಲತ್ತಿಗೆ ಸಹಿ ಬಿದ್ದ ಮೇಲೆ. ಕೋರ್ಟಿನ ಕಾರಿಡಾರಿನಲ್ಲಿ ಸಿಗುವ ಸಮಾಲೋಚನೆ ಮಸೀದಿಯ ಪಕ್ಕದ ಕೋಣೆಯಲ್ಲಿ, ಮದುವೆಗೆ ಎರಡು ತಿಂಗಳ ಮೊದಲು ಸಿಗಬಾರದೇ? ನಮ್ಮ ಮನೆಯನ್ನು ನಾವೇ ಗುಡಿಸಿದರೆ ಬೇರೆಯವರು ಪೊರಕೆ ಹಿಡಿದು ಬರುವ ಪ್ರಮೇಯ ಬಾರದು.

ಆಕ್ಷೇಪಗಳು

ಹೀಗೆ ಎಲ್ಲವನ್ನೂ ಕೆದಕಿದರೆ ಒಂದು ಮದುವೆಯೂ ನಡೆಯಲಾರದು ಎಂದು ಹಿರಿಯರೊಬ್ಬರು ನನ್ನೊಂದಿಗೆ ವಾದಿಸಿದರು. ಕೆಲವು ಸಂಬಂಧಗಳು ಮುರಿಯಬಹುದು, ನಿಜ. ಮುರಿದ ನಿಶ್ಚಿತಾರ್ಥದ ನೋವು ಕೆಲವು ತಿಂಗಳದ್ದು. ಮುರಿದ ಮದುವೆಯ ನೋವನ್ನು ಮಕ್ಕಳೂ ಹೊರುತ್ತಾರೆ. ನಿಶ್ಚಯವಾದ ಸಂಬಂಧ ಮುರಿದರೆ ಹುಡುಗಿಗೆ ಕಳಂಕ ಎನ್ನುತ್ತೀರಾ? ಆ ಕಳಂಕವನ್ನು ಹಚ್ಚುವವರು ಯಾರು? ನಾವೇ. ಹಚ್ಚುವುದನ್ನು ನಿಲ್ಲಿಸುವ ಅಧಿಕಾರವೂ ನಮ್ಮಲ್ಲೇ ಇದೆ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವು ಬಾಳಲಿಲ್ಲವೇ ಎಂದು ಇನ್ನು ಕೆಲವರು ಕೇಳುತ್ತಾರೆ. ಬಾಳಿದೆವು. ಆದರೆ ಆಗ ಒಂದೇ ಅಂಗಳದಲ್ಲಿ ಅಜ್ಜಿ, ಚಿಕ್ಕಮ್ಮ, ಅತ್ತಿಗೆಯರಿದ್ದರು. ಹೊಸ ಮದುಮಗಳ ಬಾಡಿದ ಮುಖ ಕಂಡರೆ ಕೇಳುವವರಿದ್ದರು. ನಮ್ಮ ಎಷ್ಟು ತಾಯಂದಿರು ಮೌನವಾಗಿ ಸಹಿಸಿದ್ದನ್ನು ನಾವು "ಬಾಳಿದ್ದು" ಎಂದು ಕರೆಯುತ್ತಿದ್ದೇವೆ ಎಂಬುದನ್ನೂ ಒಮ್ಮೆ ಮನೆಗೆ ಹೋಗಿ ಕೇಳಿ ನೋಡಿ.

ನಮ್ಮಿಂದ ಆಗಬೇಕಾದದ್ದು

ಜಮಾಅತ್‌ನ ಮುಂದೆ ನಾನು ಇಡುವ ಸಲಹೆಗಳು ದೊಡ್ಡವೇನೂ ಅಲ್ಲ. ನಿಕಾಹ್‌ನ ದಿನ ಗೊತ್ತುಪಡಿಸಲು ಬಂದ ಕುಟುಂಬಕ್ಕೆ, ವಧೂವರರು ಸಮಾಲೋಚನೆಗೆ ಬರುವ ದಿನವನ್ನೂ ಗೊತ್ತುಪಡಿಸಿ ಕೊಡೋಣ. ಮೊದಲ ಒಂದೆರಡು ವರ್ಷ ಒತ್ತಾಯ ಬೇಡ, ಪ್ರೋತ್ಸಾಹ ಸಾಕು. ಉಸ್ತಾದರೊಬ್ಬರು, ಅನುಭವವುಳ್ಳ ಸಹೋದರಿಯೊಬ್ಬರು, ವೈದ್ಯರೊಬ್ಬರು, ಕಾನೂನು ತಿಳಿದವರೊಬ್ಬರು, ಹೀಗೆ ನಾಲ್ವರ ತಂಡವಿರಲಿ. ಆಪ್ತ ಸಮಾಲೋಚನೆಯನ್ನೇ ಕಾಲೇಜಿನಲ್ಲಿ ಓದಿದ ಹೆಣ್ಣು ಮಕ್ಕಳು ನಮ್ಮಲ್ಲಿ ಈಗ ಇದ್ದಾರೆ. ಅವರನ್ನು ಕರೆಯೋಣ, ಅವರಿಂದ ನಾವು ಹಿರಿಯರೂ ತರಬೇತಿ ಪಡೆಯೋಣ. ಮದುವೆಯ ನಂತರ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಆ ದಂಪತಿಯನ್ನು ಮತ್ತೆ ಮಾತನಾಡಿಸೋಣ. ಒಂದು ಮದುವೆಯ ಅಲಂಕಾರಕ್ಕೆ ಖರ್ಚಾಗುವ ಹೂವಿನ ಹಣದಲ್ಲಿ ಇಡೀ ವರ್ಷ ಇದನ್ನು ನಡೆಸಬಹುದು.

ಹೆತ್ತವರೇ, ನಿಮ್ಮ ಮಗನ ಅಥವಾ ಮಗಳ ಕುರಿತು ತಿಳಿಸಬೇಕಾದ ಸಂಗತಿಯನ್ನು ನೀವೇ ಮೊದಲು ತಿಳಿಸಿ. ಅದನ್ನು ಕೇಳಿಯೂ ಒಪ್ಪುವವರೇ ನಿಮ್ಮ ನಿಜವಾದ ಸಂಬಂಧಿಕರು. ಯುವಕರೇ, ಯುವತಿಯರೇ, ಕೇಳಲು ಸಂಕೋಚಪಡಬೇಡಿ. ಕೇಳಿದ್ದಕ್ಕೆ ಕೋಪಗೊಳ್ಳುವ ಮನೆ ಕೇಳದಿದ್ದರೂ ಮುಂದೆ ಕೋಪಗೊಳ್ಳುತ್ತದೆ.

ನೆರೆಹೊರೆಯವರಾದ ನಮಗೂ ಒಂದು ಮಾತು. ಮಗಳ ತಂದೆಯೊಬ್ಬ ಮಸೀದಿಯ ಅಂಗಳದಲ್ಲಿ ನಿಲ್ಲಿಸಿ "ಹುಡುಗ ಹೇಗೆ?" ಎಂದು ಕೇಳಿದರೆ, ಅದು ಕುಶಲೋಪರಿಯಲ್ಲ, ಅವನು ತನ್ನ ಮಗಳ ಬದುಕನ್ನು ಒಂದು ಕ್ಷಣ ನಿಮ್ಮ ಕೈಯಲ್ಲಿಟ್ಟಿದ್ದಾನೆ. ಪರರ ಕಾಯಿಲೆಯನ್ನು ಸಾರುವ ಹಕ್ಕು ನಿಮಗಿಲ್ಲವೆನಿಸಿದರೆ, "ಆರೋಗ್ಯದ ವಿಷಯವನ್ನು ಅವರಲ್ಲೇ ಬಿಡಿಸಿ ಕೇಳಿ" ಎಂದಾದರೂ ಹೇಳಿ. ಹುಡುಗನ ಮನೆಗೆ ಹೋಗಿ "ನೀವೇ ತಿಳಿಸಿಬಿಡಿ" ಎಂದಾದರೂ ಹೇಳಿ. ಅಷ್ಟನ್ನು ಹೇಳಲು ಅಂದು ನನ್ನ ನಾಲಿಗೆ ಏಳಲಿಲ್ಲ. ಆ ತಂದೆ ಇಂದಿಗೂ ನನಗೆ ಸಲಾಮ್ ಹೇಳುತ್ತಾರೆ. ನಾನು ಅವರ ಬಳಿಗೆ ಹೋಗಿ ಎಲ್ಲವನ್ನೂ ತಿಳಿಸಿ ಕ್ಷಮೆ ಕೇಳಿದ್ದು ಬಹಳ ತಡವಾಗಿ. ಅವರು ಕ್ಷಮಿಸಿದರು. ಅವರ ಮೊಮ್ಮಗ ಈಗ ನಮ್ಮ ಮದ್ರಸಕ್ಕೆ ಬರುತ್ತಾನೆ. ಅವನನ್ನು ಕಂಡಾಗಲೆಲ್ಲ ನನಗೆ ಆ ಸಂಜೆಯ ಅಂಗಳ ನೆನಪಾಗುತ್ತದೆ.

ದಂಪತಿಗಳ ನಡುವೆ ಪ್ರೀತಿಯನ್ನೂ ಕರುಣೆಯನ್ನೂ ಇರಿಸಿದ ಅಲ್ಲಾಹನು ನಮ್ಮ ಮಕ್ಕಳ ಮನೆಗಳನ್ನು ಶಾಂತಿಯ ತಾಣಗಳನ್ನಾಗಿ ಮಾಡಲಿ. ಸತ್ಯವನ್ನು ಸಕಾಲದಲ್ಲಿ ಹೇಳುವ ಧೈರ್ಯವನ್ನು ನಮಗೆಲ್ಲ ಕರುಣಿಸಲಿ. ಆಮೀನ್.